ಫೋಟೊ ತೆಗೆದವರು ಎಲ್ಲಿ ನಿಂತಿದ್ದರು? ಯುದ್ಧದ ಚಿತ್ರ ನೋಡುವ ಕ್ರಮ

2025ರ ಮೇ ತಿಂಗಳು, ಪಾಕಿಸ್ತಾನದ ಜೊತೆ ಕಾಳಗ ನಡೆದಿದ್ದ ದಿನಗಳ ಒಂದು ರಾತ್ರಿ, ಹನ್ನೊಂದು ಗಂಟೆ ದಾಟಿತ್ತು. ಅಂಕೋಲೆಯಿಂದ ತಂಗಿ ಫೋನ್ ಮಾಡಿದಳು. ದನಿ ನಡುಗುತ್ತಿತ್ತು. ‘ಅಣ್ಣಾ, ವಾಟ್ಸಾಪಿಗೆ ಒಂದು ಫೋಟೊ ಹಾಕಿದ್ದೇನೆ. ಇದು ಖರೇನಾ ನೋಡು’ ಎಂದಳು. ಅವಳ ಮಗ ನೌಕಾಪಡೆಯಲ್ಲಿದ್ದಾನೆ. ಫೋಟೊದಲ್ಲಿ ಒಂದು ಯುದ್ಧನೌಕೆ ಧಗಧಗ ಉರಿಯುತ್ತಿತ್ತು. ಮೇಲೆ ಕೆಂಪಕ್ಷರದಲ್ಲಿ ‘ಬ್ರೇಕಿಂಗ್’ ಎಂದಿತ್ತು. ಯಾವ ಹಡಗು, ಯಾವ ಸಮುದ್ರ, ತೆಗೆದವರು ಯಾರು, ಒಂದೂ ಇರಲಿಲ್ಲ.

ಕನ್ನಡಕ ಹಾಕಿಕೊಂಡು ಫೋಟೊ ದೊಡ್ಡದು ಮಾಡಿದೆ. ಬೆಂಕಿ ನೋಡಲಿಲ್ಲ, ನೀರು ನೋಡಿದೆ. ನಮ್ಮ ಕಾರವಾರದ ಬೈತಖೋಲದಲ್ಲಿ ರಾತ್ರಿ ಒಂದು ದೋಣಿಯವರು ಬಲ್ಬ್ ಹಚ್ಚಿದರೂ ಅದರ ಬೆಳಕು ನೀರಿನ ಮೇಲೆ ಉದ್ದಕ್ಕೆ ದಡದವರೆಗೆ ಬರುತ್ತದೆ. ಅಲೆ ಬಂದರೆ ತುಂಡು ತುಂಡಾಗುತ್ತದೆ. ಇಲ್ಲಿ ಇಡೀ ಹಡಗು ಹೊತ್ತಿಕೊಂಡಿದ್ದರೂ ಕೆಳಗಿನ ನೀರು ಡಾಂಬರಿನ ಹಾಗೆ ಕಪ್ಪಗಿತ್ತು. ಆಮೇಲೆ ನನ್ನ ಹಳೆಯ ಪ್ರಶ್ನೆ ಕೇಳಿಕೊಂಡೆ: ಇದನ್ನು ತೆಗೆದವರು ಎಲ್ಲಿ ನಿಂತಿದ್ದರು? ನಡುಸಮುದ್ರದಲ್ಲಿ, ನೀರಿನಿಂದ ಎರಡಾಳೆತ್ತರದಲ್ಲಿ, ಬೆಂಕಿಗೆ ಐವತ್ತು ಅಡಿ ಹತ್ತಿರ. ಮನುಷ್ಯ ಅಲ್ಲಿ ನಿಲ್ಲುವುದಿಲ್ಲ. ಡ್ರೋನ್ ಎಂದುಕೊಂಡರೂ ನೀರು ಒಪ್ಪುತ್ತಿರಲಿಲ್ಲ. ‘ಇದು ಕಂಪ್ಯೂಟರ್ ಆಟದ ಚಿತ್ರ ಕಣೆ, ಮಲಗು’ ಎಂದೆ. ಆ ದಿನಗಳಲ್ಲಿ ವಿಡಿಯೊ ಗೇಮಿನ ದೃಶ್ಯಗಳನ್ನು ನಿಜವಾದ ದಾಳಿ ಎಂದು ಹಂಚುತ್ತಿದ್ದುದನ್ನು ಸುಳ್ಳುಸುದ್ದಿ ಪರಿಶೀಲಿಸುವ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೂ ಎತ್ತಿ ತೋರಿಸಿತ್ತು.

ನಾನು ಯುದ್ಧ ನೋಡಿದವನಲ್ಲ. ಕೋಡಿಬಾಗದಲ್ಲಿ ಅಪ್ಪ ಇಟ್ಟಿದ್ದ ಸ್ಟುಡಿಯೊವನ್ನು ಮೂವತ್ತು ವರ್ಷ ನಡೆಸಿದೆ. ಜೊತೆಗೆ ಪತ್ರಿಕೆಗಳಿಗೆ ಫೋಟೊ ಕಳಿಸುತ್ತಿದ್ದೆ. ಪ್ರಿಂಟ್ ಒಣಗುವ ಮೊದಲೇ ಕವರಿಗೆ ಹಾಕಿ, ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬರುತ್ತಿದ್ದೆ. ಯುದ್ಧದ ಫೋಟೊಗಳನ್ನು ಮಾತ್ರ ಚಿಕ್ಕಂದಿನಿಂದ ನೋಡುತ್ತ, ಕತ್ತರಿಸಿ ಅಂಟಿಸುತ್ತ ಬಂದಿದ್ದೇನೆ. ಈಗ ಭಾನುವಾರಗಳಲ್ಲಿ ಹೈಸ್ಕೂಲ್ ಮಕ್ಕಳಿಗೆ ಅವನ್ನು ನೋಡುವುದು ಹೇಗೆ ಎಂದು ಹೇಳಿಕೊಡುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕಾಲು ಹುಡುಕಿ

ಯುದ್ಧದ ಫೋಟೊ ಕೈಗೆ ಬಂದ ತಕ್ಷಣ ಕಣ್ಣು ರಕ್ತದ ಕಡೆಗೆ, ಬೆಂಕಿಯ ಕಡೆಗೆ ಓಡುತ್ತದೆ. ಅದನ್ನು ತಡೆದು, ತೆಗೆದವರ ಕಾಲು ಎಲ್ಲಿತ್ತು ಎಂದು ಹುಡುಕಿ. ಕ್ಯಾಮೆರಾ ತಾನಾಗಿ ಹಾರಿ ಹೋಗಲಿಲ್ಲ. ಯಾರೋ ಒಬ್ಬರು ಒಂದು ಜಾಗದಲ್ಲಿ ನಿಂತೋ ಮಲಗಿಯೋ ಅಡಗಿಯೋ ಗುಂಡಿ ಒತ್ತಿದ್ದಾರೆ.

ಇದನ್ನು ಮನೆ ಹತ್ತಿರವೇ ಕಲಿಯಬಹುದು. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದಾಗ ಎಲ್ಲರ ಫೋನಿಗೂ ಫೋಟೊ ಬಂದವು. ಮಕ್ಕಳ ಮುಂದೆ ಅಂಥ ನಾಲ್ಕೈದು ಫೋಟೊ ಹರಡಿ ಕೇಳುತ್ತೇನೆ: ಇದನ್ನು ಕೋಡಿಬಾಗದ ಕಡೆಯಿಂದ ತೆಗೆದರೋ, ಸದಾಶಿವಗಡದ ಕಡೆಯಿಂದಲೋ? ಎದುರಿಗೆ ಸದಾಶಿವಗಡದ ಗುಡ್ಡ ಕಂಡು ಸಮುದ್ರ ಎಡಕ್ಕಿದ್ದರೆ ತೆಗೆದವರು ಕೋಡಿಬಾಗದಲ್ಲಿದ್ದಾರೆ. ಸಮುದ್ರ ಬಲಕ್ಕಿದ್ದರೆ ಆಚೆ ದಡದಲ್ಲಿ. ನೆರಳು ಸಮುದ್ರದ ಕಡೆಗೆ ಬಿದ್ದಿದ್ದರೆ ಬೆಳಗು, ಘಟ್ಟದ ಕಡೆಗೆ ಬಿದ್ದಿದ್ದರೆ ಸಂಜೆ. ಇಷ್ಟೇ. ಇದಕ್ಕೆ ಯಾವ ಆ್ಯಪೂ ಬೇಕಿಲ್ಲ.

ಇದೇ ಕೆಲಸವನ್ನು ಜಗತ್ತಿನ ಅತಿ ಹೆಸರಾದ ಒಂದು ಯುದ್ಧಚಿತ್ರದ ಮೇಲೂ ಮಾಡಿದ್ದಾರೆ. ಸ್ಪೇನಿನ ಅಂತರ್ಯುದ್ಧದಲ್ಲಿ ರಾಬರ್ಟ್ ಕಾಪಾ ತೆಗೆದ, ಗುಂಡು ತಗುಲಿ ಹಿಂದಕ್ಕೆ ಬೀಳುತ್ತಿರುವ ಸೈನಿಕನ ಫೋಟೊ ಅದು. 1936ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ‘ವು’ ಪತ್ರಿಕೆಯಲ್ಲಿ ಬಂತು, ಮರುವರ್ಷ ಅಮೆರಿಕದ ‘ಲೈಫ್’ನಲ್ಲಿ. ಎಷ್ಟೋ ವರ್ಷ ಅದನ್ನು ಸೆರ್ರೊ ಮುರಿಯಾನೊ ಎಂಬ ಊರಿನದು ಎಂದೇ ನಂಬಿದ್ದರು. ಆಮೇಲೆ ಸಂಶೋಧಕರು ಅದೇ ಸರಣಿಯ ಬೇರೆ ಫೋಟೊಗಳಲ್ಲಿ ಹಿಂದೆ ಕಾಣುವ ಗುಡ್ಡಸಾಲನ್ನು ಹಿಡಿದು ಹುಡುಕಿದರು. ಅದು ಹತ್ತಾರು ಕಿಲೋಮೀಟರ್ ದೂರದ ಎಸ್ಪೆಹೊ ಎಂಬ ಊರಿನ ಗುಡ್ಡಸಾಲಿಗೆ ಹೊಂದಿತು. ಆ ದಿನಗಳಲ್ಲಿ ಅಲ್ಲಿ ಕಾಳಗವೇ ಇರಲಿಲ್ಲ ಎಂಬುದು ಅವರ ವಾದ. ಫೋಟೊ ನಿಜವೋ, ಮಾಡಿಸಿದ್ದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನನಗೆ ಅದರಲ್ಲಿ ದೊಡ್ಡದಾಗಿ ಕಾಣುವುದು ಗುಡ್ಡ. ಎಪ್ಪತ್ತು ವರ್ಷ ಎಲ್ಲರೂ ಬೀಳುವ ಮನುಷ್ಯನನ್ನೇ ನೋಡುತ್ತಿದ್ದರು. ಗುಡ್ಡ ಅಲ್ಲೇ ಕಾದಿತ್ತು.

ಆ ಕ್ಯಾಮೆರಾಕ್ಕೆ ಅದು ಸಾಧ್ಯವಿತ್ತೇ?

ಹಳೆಯ ಫೋಟೊ ಆದರೆ ಈ ಪ್ರಶ್ನೆ ಬಿಡಬೇಡಿ. ಇಂಗ್ಲೆಂಡಿನ ಫೋಟೊಗ್ರಾಫರ್ ರೋಜರ್ ಫೆಂಟನ್ 1855ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಹೋದಾಗ ಗಾಜಿನ ತಟ್ಟೆಗೆ ರಸಾಯನ ಬಳಿದು, ಅದು ಒಣಗುವ ಮೊದಲೇ ಫೋಟೊ ತೆಗೆದು ತೊಳೆಯಬೇಕಿತ್ತು. ಅದಕ್ಕಾಗಿ ಒಂದು ಕುದುರೆ ಗಾಡಿಯನ್ನೇ ಡಾರ್ಕ್ ರೂಮ್ ಮಾಡಿಕೊಂಡು ಒಯ್ದಿದ್ದರು. ಆ ತಟ್ಟೆ ಬೆಳಕು ಹಿಡಿಯುವುದು ನಿಧಾನವಾದ್ದರಿಂದ ಲೆನ್ಸ್ ಕೆಲವು ಸೆಕೆಂಡ್ ತೆರೆದೇ ಇರಬೇಕಿತ್ತು. ಓಡುವ ಸೈನಿಕ, ಸಿಡಿಯುವ ಗುಂಡು ಯಾವುದೂ ಅದರಲ್ಲಿ ಮೂಡುತ್ತಿರಲಿಲ್ಲ. ಹಾಗಾಗಿ ಆ ಕಾಲದ ಯುದ್ಧದ ಫೋಟೊ ಎಂದರೆ ಯುದ್ಧ ಮುಗಿದ ಮೇಲಿನ ಫೋಟೊ, ಇಲ್ಲವೇ ಸುಮ್ನೆ ಕೂತವರ ಫೋಟೊ.

ಫೆಂಟನ್ ಒಂದೇ ಕಣಿವೆಯ ಎರಡು ಚಿತ್ರ ತೆಗೆದಿದ್ದರು. ಒಂದರಲ್ಲಿ ತೋಪಿನ ಗುಂಡುಗಳು ರಸ್ತೆಯ ಮೇಲೆ ಬಿದ್ದಿವೆ. ಇನ್ನೊಂದರಲ್ಲಿ ರಸ್ತೆ ಖಾಲಿ, ಗುಂಡುಗಳೆಲ್ಲ ಪಕ್ಕದ ತಗ್ಗಿನಲ್ಲಿ. ಯಾವುದು ಮೊದಲು? ಇಳಿಜಾರಿನ ಸಣ್ಣ ಸಣ್ಣ ಕಲ್ಲುಗಳು ರಸ್ತೆಯ ಮೇಲೆ ಗುಂಡುಗಳಿರುವ ಚಿತ್ರದಲ್ಲಿ ಕೆಳಕ್ಕೆ ಜಾರಿದ್ದವು. ಕಲ್ಲು ಕೆಳಕ್ಕೆ ಉರುಳುತ್ತದೆಯೇ ಹೊರತು ಮೇಲಕ್ಕೆ ಹತ್ತುವುದಿಲ್ಲ. ಹಾಗಾಗಿ ಖಾಲಿ ರಸ್ತೆಯದೇ ಮೊದಲ ಚಿತ್ರ, ಗುಂಡುಗಳು ಆಮೇಲೆ ರಸ್ತೆಗೆ ಬಂದವು ಎಂದು ತೀರ್ಮಾನವಾಯಿತು. ಇದನ್ನು ಹೇಳುವಾಗ ಮಕ್ಕಳ ಮುಖ ಅರಳುತ್ತದೆ. ನೂರೈವತ್ತು ವರ್ಷದ ಪ್ರಶ್ನೆಗೆ ನಾಲ್ಕು ಬೆಣಚುಕಲ್ಲು ಉತ್ತರ ಕೊಟ್ಟವು!

ನಮ್ಮ ದೇಶದ್ದೂ ಒಂದಿದೆ, ಅದು ನೋಡಲು ಕಷ್ಟ. ಫೆಲೀಸ್ ಬಿಯಾಟೊ ಎಂಬ ಫೋಟೊಗ್ರಾಫರ್ 1858ರಲ್ಲಿ ಲಖನೌದ ಸಿಕಂದರ್ ಬಾಗ್‌ನ ಫೋಟೊ ತೆಗೆದರು. ಒಡೆದ ಕಟ್ಟಡದ ಮುಂದೆ ಎಲುಬು, ತಲೆಬುರುಡೆ ಚೆಲ್ಲಿವೆ. ಆದರೆ ಅಲ್ಲಿ ಹೋರಾಟ ನಡೆದದ್ದು 1857ರ ನವೆಂಬರಿನಲ್ಲಿ. ತಿಂಗಳುಗಳು ಕಳೆದಿದ್ದವು. ಎಲುಬುಗಳನ್ನು ಫೋಟೊಕ್ಕಾಗಿ ತಂದು ಹರಡಿದ್ದರು. ಸತ್ತವರು ನಮ್ಮವರು, ನಿಜವಾಗಿಯೂ ಸತ್ತವರು. ಅವರನ್ನು ಹಾಗೆ ಜೋಡಿಸಿದ್ದು ಗೆದ್ದವರ ಕಡೆಯ ಕ್ಯಾಮೆರಾ. ತೆಗೆದ ದಿನ ಯಾವುದು, ಘಟನೆ ನಡೆದ ದಿನ ಯಾವುದು ಎಂದು ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ನಡುವೆ ಅಂತರ ಕಂಡರೆ ಅಲ್ಲಿ ನಿಲ್ಲಿ.

ತೋರಿಸಲು ಬಿಟ್ಟವರು ಯಾರು?

ಫೋಟೊ ತೆಗೆಯುವುದು ಒಂದು, ಅದು ಜನರ ಮುಂದೆ ಬರುವುದು ಇನ್ನೊಂದು. ನಡುವೆ ಸೈನ್ಯ ಇದೆ, ಸೆನ್ಸಾರ್ ಇದೆ, ಸಂಪಾದಕರಿದ್ದಾರೆ. ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿದದ್ದು 1941ರ ಡಿಸೆಂಬರಿನಲ್ಲಿ. ಸತ್ತ ಅಮೆರಿಕನ್ ಸೈನಿಕರ ಫೋಟೊ ಅಲ್ಲಿನ ಜನ ಪತ್ರಿಕೆಯಲ್ಲಿ ನೋಡಿದ್ದು 1943ರ ಸೆಪ್ಟೆಂಬರಿನಲ್ಲಿ. ಜಾರ್ಜ್ ಸ್ಟ್ರಾಕ್ ನ್ಯೂಗಿನಿಯ ಬುನಾ ತೀರದಲ್ಲಿ ತೆಗೆದಿದ್ದ, ಮರಳಿನಲ್ಲಿ ಸತ್ತುಬಿದ್ದ ಮೂವರ ಚಿತ್ರ. ಮುಖ ಕಾಣುವುದಿಲ್ಲ. ಅದನ್ನು ಅಚ್ಚು ಹಾಕಲು ‘ಲೈಫ್’ನವರು ತಿಂಗಳುಗಟ್ಟಲೆ ಹೋರಾಡಬೇಕಾಯಿತು. ಅಧ್ಯಕ್ಷ ರೂಸ್‌ವೆಲ್ಟ್ ತನಕ ಮಾತು ಹೋಯಿತು. ಯುದ್ಧ ಇನ್ನೇನು ಗೆದ್ದೆವು ಎಂದು ಜನ ಮೈಮರೆಯುತ್ತಿದ್ದಾರೆ, ಅವರಿಗೆ ಬೆಲೆ ಗೊತ್ತಾಗಲಿ ಎಂದು ಸರ್ಕಾರಕ್ಕೂ ಅನಿಸಿದಾಗ ಬಾಗಿಲು ತೆರೆಯಿತು. ಆ ಇಪ್ಪತ್ತೊಂದು ತಿಂಗಳು ಯಾರೂ ಸತ್ತಿರಲಿಲ್ಲ ಎಂದಲ್ಲ ಅಲ್ವಾ?

ಅದೇ 1943ರಲ್ಲಿ ನಮ್ಮ ಬಂಗಾಳದಲ್ಲಿ ಜನ ಬೀದಿಯಲ್ಲಿ ಹಸಿದು ಸಾಯುತ್ತಿದ್ದರು. ಇದನ್ನು ನಾನು ಯುದ್ಧದ ಫೋಟೊ ಎಂದೇ ಲೆಕ್ಕ ಹಾಕುತ್ತೇನೆ. ಜಪಾನ್ ಬರ್ಮಾ ಹಿಡಿದು ಅಲ್ಲಿನ ಅಕ್ಕಿ ನಿಂತಿತ್ತು. ಶತ್ರುವಿಗೆ ಸಿಗಬಾರದು ಎಂದು ಸರ್ಕಾರ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತ್ತು. ದೋಣಿ ಕಳೆದುಕೊಂಡರೆ ಏನಾಗುತ್ತದೆ ಎಂದು ಈ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸರ್ಕಾರ ಅದನ್ನು ‘ಕ್ಷಾಮ’ ಎಂದು ಘೋಷಿಸಲೇ ಇಲ್ಲ. ಯುದ್ಧಕಾಲದ ನಿಯಮಗಳಿಂದ ಬರಹಕ್ಕೆ ಬೇಲಿ ಬಿದ್ದಿತ್ತು. ಕಲ್ಕತ್ತೆಯ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಬೀದಿಗೆ ಫೋಟೊಗ್ರಾಫರುಗಳನ್ನು ಕಳಿಸಿದರು. ಆಗಸ್ಟ್ 22ರ ಭಾನುವಾರ ಆ ಚಿತ್ರಗಳು ಅಚ್ಚಾದವು. ಫುಟ್‌ಪಾತಿನಲ್ಲಿ ಬಿದ್ದ ಹೆಂಗಸರು, ಮಕ್ಕಳು. ಅದು ಇಂಗ್ಲಿಷರೂ ಓದುವ, ಇಂಗ್ಲಿಷರ ಕೈಯಲ್ಲಿದ್ದ ಪತ್ರಿಕೆ. ದಿಲ್ಲಿಗೂ ಲಂಡನ್ನಿಗೂ ಇನ್ನು ಕಣ್ಣು ಮುಚ್ಚಿಕೊಳ್ಳಲು ಆಗಲಿಲ್ಲ. ಸುನಿಲ್ ಜಾನಾ ಎಂಬ ಯುವಕ ಹಳ್ಳಿಗಳನ್ನು ಸುತ್ತಿ ತೆಗೆದ ಚಿತ್ರಗಳು ಕಮ್ಯುನಿಸ್ಟ್ ಪಕ್ಷದ ‘ಪೀಪಲ್ಸ್ ವಾರ್’ ಪತ್ರಿಕೆಯಲ್ಲಿ ಬಂದವು. ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಫೋಟೊಗಳು ಅವರನ್ನು ಉಳಿಸಲಿಲ್ಲ. ಆದರೆ ‘ಏನೂ ಆಗಿಲ್ಲ’ ಎನ್ನುವ ಬಾಯಿಗಳನ್ನು ಮುಚ್ಚಿಸಿದವು. ಪತ್ರಿಕೆಯ ಫೋಟೊ ಮಾಡಬಹುದಾದ ದೊಡ್ಡ ಕೆಲಸ ಅದೇ ಎಂದು ನಾನು ನಂಬಿದ್ದೇನೆ.

ಹಾಗಾಗಿ ಫೋಟೊ ಪಕ್ಕದ ಸಣ್ಣಕ್ಷರ ಓದಿ. ಹೆಸರು ಇದೆಯೇ? ಸೈನ್ಯದವರು ಕೊಟ್ಟದ್ದೇ, ಏಜೆನ್ಸಿಯದೇ, ಪತ್ರಿಕೆಯ ಸ್ವಂತ ಫೋಟೊಗ್ರಾಫರ್ ತೆಗೆದದ್ದೇ? ಆ ಸಣ್ಣಕ್ಷರವೂ ಕೆಲವೊಮ್ಮೆ ಪೂರ್ತಿ ಹೇಳುವುದಿಲ್ಲ. ಹೋಮಾಯ್ ವ್ಯಾರವಾಲಾ ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಯುದ್ಧದ ವರ್ಷಗಳಲ್ಲಿ ದಿಲ್ಲಿಯಲ್ಲಿ ಬ್ರಿಟಿಷ್ ವಾರ್ತಾ ಕಚೇರಿಗೆ ಕೆಲಸ ಮಾಡಿದವರು. ಅವರ ಆರಂಭದ ಚಿತ್ರಗಳು ಅಚ್ಚಾದದ್ದು ಗಂಡ ಮಾಣೆಕ್‌ಷಾ ಹೆಸರಿನಲ್ಲಿ.

ಒಬ್ಬರ ಕೊರಳಿನಲ್ಲೇ ಎರಡು ಬಗೆಯ ಕ್ಯಾಮೆರಾ ಇದ್ದ ಕತೆಯೂ ಇದೆ. ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ನಿರಾಯುಧ ಜನರನ್ನು ಕೊಂದರು. ವಿಯೆಟ್ನಾಮಿನ ಲೆಕ್ಕದಲ್ಲಿ 504 ಮಂದಿ. ಜೊತೆಗಿದ್ದ ಸೈನ್ಯದ ಫೋಟೊಗ್ರಾಫರ್ ರೊನಾಲ್ಡ್ ಹೇಬರ್ಲಿ ಸೈನ್ಯದ ಕ್ಯಾಮೆರಾದಲ್ಲಿ ಕಪ್ಪುಬಿಳುಪು ತೆಗೆದು ಕಚೇರಿಗೆ ಒಪ್ಪಿಸಿದರು. ಅದರಲ್ಲಿ ಕೊಲೆ ಕಾಣುವುದಿಲ್ಲ. ಸ್ವಂತ ಕ್ಯಾಮೆರಾದ ಬಣ್ಣದ ರೀಲನ್ನು ಮನೆಗೆ ಒಯ್ದರು. ಅದರಲ್ಲಿ ದಾರಿಯ ಮೇಲೆ ರಾಶಿ ಬಿದ್ದ ಹೆಂಗಸರು, ಹಸುಗೂಸುಗಳು. 1969ರ ನವೆಂಬರ್ 20ರಂದು ಅವರ ಊರಿನ ಕ್ಲೀವ್‌ಲ್ಯಾಂಡ್ ಪತ್ರಿಕೆಯಲ್ಲಿ ಅದು ಬಂದಾಗ ದೇಶ ಬೆಚ್ಚಿತು. ಕೊಲ್ಲುತ್ತಿರುವ ಸೈನಿಕರು ಕಾಣುವ ಕೆಲವು ಚಿತ್ರಗಳನ್ನು ತಾನೇ ನಾಶ ಮಾಡಿದೆ ಎಂದು ಅವರು ಬಹಳ ವರ್ಷಗಳ ನಂತರ ಒಪ್ಪಿಕೊಂಡರು. ಅದೇ ಮನುಷ್ಯ, ಅದೇ ಬೆಳಗು, ಅದೇ ಹಳ್ಳಿ. ಕ್ಯಾಮೆರಾ ಯಾರದು ಎಂಬುದರ ಮೇಲೆ ಏನು ಕಾಣುತ್ತದೆ ಎಂಬುದು ಬದಲಾಯಿತು.

ಕತ್ತರಿ ಮತ್ತು ಅಡಿಬರಹ

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ತೊಂಬತ್ತರ ದಶಕದ ಒಂದು ಮಳೆಗಾಲದ ಕೊನೆ. ಎರಡು ದೋಣಿ ರಾತ್ರಿಯಾದರೂ ವಾಪಸ್ ಬಂದಿರಲಿಲ್ಲ. ಬೆಳಗಿನ ಜಾವ ಬೈತಖೋಲದ ದಡದಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬ ಅಜ್ಜಿ ಕೈ ಮೇಲೆತ್ತಿ ಸಮುದ್ರದ ಕಡೆ ತೋರಿಸುತ್ತಿದ್ದಳು. ಅವಳಿಗೆ ದೂರದಲ್ಲಿ ಒಂದು ಕಪ್ಪು ಚುಕ್ಕಿ ಕಂಡಿತ್ತು. ಬಾಯಿ ತೆರೆದಿತ್ತು, ಮಗನ ಹೆಸರು ಕೂಗುತ್ತಿದ್ದಳು. ನಾನು ತೆಗೆದದ್ದು ಅದನ್ನು. ಎಡಭಾಗದಲ್ಲಿ ಸಮುದ್ರ, ತೀರಾ ದೂರದಲ್ಲಿ ದೋಣಿ. ಎರಡು ದಿನದ ಮೇಲೆ ಪತ್ರಿಕೆ ಬಂತು. ಸಮುದ್ರವನ್ನು ಪೂರ್ತಿ ಕತ್ತರಿಸಿದ್ದರು. ಕೈ ಎತ್ತಿದ ಅಜ್ಜಿ, ಹಿಂದೆ ಹೆಂಗಸರು, ಅಷ್ಟೇ. ಕೆಳಗೆ ಬರೆದಿದ್ದರು: ‘ಪರಿಹಾರಕ್ಕಾಗಿ ಮೀನುಗಾರ ಮಹಿಳೆಯರ ಆಕ್ರೋಶ.’

ದೋಣಿಗಳು ನಾನು ಫೋಟೊ ತೆಗೆದ ದಿನವೇ ಮಧ್ಯಾಹ್ನ ಕ್ಷೇಮವಾಗಿ ಬಂದಿದ್ದವು. ಆ ಅಜ್ಜಿ ಯಾರ ಮೇಲೂ ಸಿಟ್ಟು ಮಾಡಿರಲಿಲ್ಲ. ನಾನು ಅವರ ಮನೆಗೆ ಹೋಗಿ ಕೈಮುಗಿದು ಕ್ಷಮೆ ಕೇಳಿದೆ. ಅವರು ಚಹಾ ಕೊಟ್ಟು ಕಳಿಸಿದರು. ಈಗಲೂ ಆ ನೆಗೆಟಿವ್ ನನ್ನ ಹತ್ತಿರ ಇದೆ. ಮಕ್ಕಳಿಗೆ ಮೊದಲು ಪತ್ರಿಕೆಯ ತುಂಡು ತೋರಿಸುತ್ತೇನೆ, ಆಮೇಲೆ ಪೂರ್ತಿ ಪ್ರಿಂಟ್.

ಯುದ್ಧದ ಫೋಟೊಗಳಿಗೆ ಇದೇ ಕತ್ತರಿ ಬೀಳುತ್ತದೆ. 1972ರ ಜೂನ್ 8ರಂದು ವಿಯೆಟ್ನಾಮಿನ ತ್ರಾಂಗ್ ಬಾಂಗ್‌ನಲ್ಲಿ ನೇಪಾಮ್ ಎಂಬ ಉರಿಬಾಂಬಿನ ಬೆಂಕಿಯಿಂದ ಸುಟ್ಟು ಓಡಿಬರುವ ಒಂಬತ್ತು ವರ್ಷದ ಹುಡುಗಿ ಕಿಮ್ ಫುಕ್ ಚಿತ್ರ ನೀವು ನೋಡಿರುತ್ತೀರಿ. ಕತ್ತರಿಸದ ಮೂಲ ಚಿತ್ರದಲ್ಲಿ ಬಲ ಅಂಚಿಗೆ ಇನ್ನೊಬ್ಬ ಇದ್ದಾನೆ, ತಲೆಬಗ್ಗಿಸಿ ತನ್ನ ಕ್ಯಾಮೆರಾದಲ್ಲಿ ಮುಳುಗಿದ್ದಾನೆ. ಅವನನ್ನು ತೆಗೆದರೆ ಮಕ್ಕಳು ಮಾತ್ರ ಉಳಿಯುತ್ತಾರೆ, ನೋಟ ಅವರ ಮೇಲೆ ನಿಲ್ಲುತ್ತದೆ. ಅವನನ್ನು ಉಳಿಸಿದರೆ ಆ ರಸ್ತೆಯಲ್ಲಿ ಪತ್ರಿಕೆಯವರೂ ಇದ್ದರು ಎಂದು ಗೊತ್ತಾಗುತ್ತದೆ. ಇಲ್ಲಿ ಕತ್ತರಿಸಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆ ಮಗುವಿನ ಸಂಕಟಕ್ಕೆ ಅದರಿಂದ ಮೋಸವಾಗಲಿಲ್ಲ. ನನ್ನ ಫೋಟೊದ ಅಜ್ಜಿಗೆ ಆಯಿತು. ಅಂಚು ಕತ್ತರಿಸಿದ ಮೇಲೂ ಚಿತ್ರ ಅದೇ ಮಾತು ಹೇಳುತ್ತಿದೆಯೇ ಎಂದು ನೋಡಿ. ಹಾಗೆ ನೋಡಲು ಪೂರ್ತಿ ಚಿತ್ರ ಹುಡುಕಲೇಬೇಕು.

ತಿದ್ದಿದ್ದು ಬೇರೆ. ಬರ್ಲಿನ್‌ನ ಸಂಸತ್ ಕಟ್ಟಡ ರೈಖ್‌ಸ್ಟಾಗ್ ಮೇಲೆ ಸೋವಿಯತ್ ಬಾವುಟ ಏರಿಸುವ ಯೆವ್ಗೆನಿ ಖಾಲ್ಡೆಯ್ ಅವರ ಚಿತ್ರ 1945ರ ಮೇ 2ರದು. ಬಾವುಟವನ್ನು ಮೇಜಿನ ಬಟ್ಟೆಯಿಂದ ಹೊಲಿಸಿ ಖಾಲ್ಡೆಯ್ ಅವರೇ ತಂದಿದ್ದರು. ಒಬ್ಬ ಅಧಿಕಾರಿಯ ಎರಡೂ ಕೈಯಲ್ಲಿ ವಾಚ್ ಇದ್ದಂತೆ ಕಂಡಿತು. ಲೂಟಿಯ ವಾಚ್ ಎಂದು ಯಾರಾದರೂ ಅಂದರೆ? ಒಂದನ್ನು ಅಳಿಸಿದರು. ಹಿಂದಿನ ಹೊಗೆಯನ್ನೂ ಜಾಸ್ತಿ ಮಾಡಿದರು. ಸ್ಟುಡಿಯೊದಲ್ಲಿ ಮದುಮಗಳ ಮುಖದ ಮೊಡವೆಯನ್ನು ಸಣ್ಣ ಬ್ರಷ್ಷಿನಲ್ಲಿ ನಾನೂ ಅಳಿಸಿದ್ದೇನೆ. ಅದು ಅವಳ ಮನೆಯ ಫೋಟೊ. ಸುದ್ದಿಯ ಫೋಟೊದಲ್ಲಿ ಆ ಬ್ರಷ್ ಮುಟ್ಟಬಾರದು. 2003ರಲ್ಲಿ ಇರಾಕಿನ ಬಸ್ರಾ ಹತ್ತಿರ ತೆಗೆದ ಎರಡು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ ಒಂದು ಮಾಡಿದ ಲಾಸ್ ಏಂಜಲಿಸ್ ಟೈಮ್ಸ್ ಫೋಟೊಗ್ರಾಫರ್ ಕೆಲಸ ಕಳೆದುಕೊಂಡರು. ಗುಂಪಿನಲ್ಲಿ ಕೆಲವರು ಎರಡೆರಡು ಸಲ ಕಾಣುತ್ತಿದ್ದುದರಿಂದ ಅದು ಸಿಕ್ಕಿಬಿತ್ತು. ಜನರ ಗುಂಪು, ಹೊಗೆ, ಇಟ್ಟಿಗೆ ರಾಶಿ ಕಂಡರೆ ಒಂದೇ ಆಕಾರ ಎರಡು ಕಡೆ ಇದೆಯೇ ಎಂದು ಬೆರಳಿಟ್ಟು ನೋಡಿ.

ಚಾಪೆಲ್ ಹಡಗಿನಲ್ಲಿ ಒಂದು ಬೆಳಗು

ಓದಿದ್ದು ಮರೆಯುತ್ತದೆ, ಮಾಡಿದ್ದು ಉಳಿಯುತ್ತದೆ. ಮಕ್ಕಳನ್ನು ಟಾಗೋರ್ ಕಡಲತೀರಕ್ಕೆ, ಐಎನ್‌ಎಸ್ ಚಾಪೆಲ್ ಯುದ್ಧನೌಕೆ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗುತ್ತೇನೆ. ನೀವೂ ನಿಮ್ಮ ಮನೆಯ ಮಕ್ಕಳ ಜೊತೆ ಮಾಡಬಹುದು. ಒಂದು ಫೋನ್, ಎರಡು ಚೀಟಿ ಸಾಕು.

ಎರಡು ಗುಂಪು ಮಾಡಿ. ಒಂದು ಗುಂಪಿಗೆ, ನೋಡಿದವರಿಗೆ ಭಯವಾಗುವ ಹಾಗೆ ಹಡಗಿನ ಫೋಟೊ ತೆಗೆಯಿರಿ ಎನ್ನಿ. ಇನ್ನೊಂದಕ್ಕೆ, ನೋಡಿದವರಿಗೆ ಹೋಗಿ ಬರೋಣ ಅನಿಸಬೇಕು ಎನ್ನಿ. ಸುಳ್ಳು ಸೇರಿಸುವಂತಿಲ್ಲ, ತಿದ್ದುವಂತಿಲ್ಲ. ನಿಲ್ಲುವ ಜಾಗ ಮಾತ್ರ ಅವರದು. ಕಳೆದ ಸಲ ಒಬ್ಬ ಹುಡುಗ ಕ್ಷಿಪಣಿ ಕೊಳವೆಯ ಕೆಳಗೆ ಅಂಗಾತ ಮಲಗಿದ. ದಪ್ಪ ಕೊಳವೆಯ ಬಾಯಿ ಆಕಾಶ ತುಂಬಿಕೊಂಡಿತು, ಬೇರೆ ಏನೂ ಇಲ್ಲ. ಒಬ್ಬ ಹುಡುಗಿ ಮರಳಿನ ಕಡೆಯಿಂದ ತೆಗೆದಳು. ಗಾಳಿಮರಗಳ ನಡುವೆ ಹಡಗು, ಮುಂದೆ ಐಸ್‌ಕ್ರೀಮ್ ಗಾಡಿ, ಚಪ್ಪಲಿ ಕೈಯಲ್ಲಿ ಹಿಡಿದ ಮಗು. ಒಂದೇ ಹಡಗು, ಒಂದೇ ಬೆಳಗು, ಹತ್ತು ನಿಮಿಷದ ಅಂತರ.

ಆಮೇಲೆ ಫೋಟೊಗಳನ್ನು ಅದಲುಬದಲು ಮಾಡಿ, ಎದುರು ಗುಂಪಿನವರು ಅಡಿಬರಹ ಬರೆಯಬೇಕು. ಕೊಳವೆಯ ಚಿತ್ರಕ್ಕೆ ಒಬ್ಬ ಬರೆದ: ‘1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ ಹಡಗು ಇದೇ.’ ಎಲ್ಲರೂ ಚಪ್ಪಾಳೆ ಹೊಡೆದರು. ಇಂಥ ಸಾಲು ಫೋನಿನಲ್ಲೂ ಎಷ್ಟೋ ಸಲ ಬಂದಿದೆ. ‘ಹಡಗು ನೌಕಾಪಡೆಗೆ ಸೇರಿದ ವರ್ಷ ನೋಡಪ್ಪಾ’ ಎಂದೆ. 1976. ಕರಾಚಿಯ ಮೇಲೆ 1971ರ ಡಿಸೆಂಬರ್ 4ರ ರಾತ್ರಿ ದಾಳಿ ಮಾಡಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಾಪೆಲ್ ಅದೇ ಕುಲದ್ದು, ಐದು ವರ್ಷ ತಡವಾಗಿ ಬಂದದ್ದು. ಹುಡುಗನ ಮುಖ ಸಣ್ಣದಾಯಿತು. ಅವನು ಬೇಕೆಂದು ಸುಳ್ಳು ಬರೆದಿರಲಿಲ್ಲ. ಅಭಿಮಾನದಿಂದ ಬರೆದಿದ್ದ. ಯುದ್ಧದ ಫೋಟೊಗಳ ಕೆಳಗೆ ಜಾಸ್ತಿ ತಪ್ಪು ಆಗುವುದು ಹಾಗೆಯೇ. ಹೆಮ್ಮೆ, ಸಿಟ್ಟು, ದುಃಖ ಇದ್ದಲ್ಲಿ ವರ್ಷ ನೋಡುವ ವ್ಯವಧಾನ ಇರುವುದಿಲ್ಲ.

ಫೋನಿನಲ್ಲಿ ಮಾಡುವ ಕೆಲಸ

ಇದು ಚಿಕ್ಕದು. ಬಂದ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಟಿನ್‌ಐ ಎಂಬ ತಾಣಕ್ಕೂ ಹಾಕಿ. ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುತ್ತವೆ. ಅದರಲ್ಲಿ ಎಲ್ಲಕ್ಕಿಂತ ಹಳೆಯ ತಾರೀಖು ಹುಡುಕಿ. ನಿನ್ನೆಯ ಯುದ್ಧದ ಫೋಟೊ ಮೂರು ವರ್ಷದ ಹಿಂದೆಯೇ ಇದ್ದರೆ ಅಲ್ಲಿಗೆ ಮುಗಿಯಿತು. ಸ್ಕ್ರೀನ್‌ಶಾಟ್ ಆದರೆ ಮೇಲಿನ ಅಕ್ಷರ, ಬಾಣದ ಗುರುತು ಕತ್ತರಿಸಿ ಹಾಕಿ. ವಾಟ್ಸಾಪ್ ಮೂಲಕ ಫೋಟೊ ಆಗಿ ಬಂದ ಚಿತ್ರದಲ್ಲಿ ಕ್ಯಾಮೆರಾ ಬರೆದಿಟ್ಟ ದಿನಾಂಕ, ಜಾಗ ಅಳಿಸಿ ಹೋಗಿರುತ್ತವೆ. ಹಾಗಾಗಿ ಕಳಿಸಿದವರಿಗೆ, ‘ನಿಮಗೆ ಎಲ್ಲಿಂದ ಬಂತು?’ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಹುಡುಕಿದರೂ ಏನೂ ಸಿಗದಿದ್ದರೆ ಅದು ನಿಜ ಎಂದರ್ಥವಲ್ಲ. ಯಂತ್ರ ಹೊಸದಾಗಿ ಹುಟ್ಟಿಸಿದ ಚಿತ್ರಕ್ಕೆ ಹಳೆಯ ಪ್ರತಿ ಇರುವುದಿಲ್ಲ. ಆಗ ಮತ್ತೆ ನೆರಳು, ನೀರು, ನಿಂತ ಜಾಗಕ್ಕೇ ಬರಬೇಕು.

ಕಾರವಾರದವರಿಗೆ ಇನ್ನೊಂದು ಮಾತು. ನಮ್ಮ ಅರಗಾದಲ್ಲಿ ಕದಂಬ ನೌಕಾನೆಲೆ ಇದೆ. ಹೆದ್ದಾರಿಯಿಂದ, ಗುಡ್ಡದಿಂದ ಹಡಗು ಕಾಣುತ್ತವೆ. ಉದ್ವಿಗ್ನ ದಿನಗಳಲ್ಲಿ ಯಾವ ಹಡಗು ಹೊರಟಿತು, ಯಾವುದು ಬಂತು ಎಂದು ಫೋಟೊ ಹಾಕಬೇಡಿ. ನಿಮ್ಮ ಫೋಟೊದಲ್ಲೂ ಗುಡ್ಡ ಇರುತ್ತದೆ, ನೆರಳು ಇರುತ್ತದೆ. ನಾನು ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಬೇರೆಯವರೂ ಬಲ್ಲರು. ಆ ಹಡಗಿನಲ್ಲಿ ನನ್ನ ತಂಗಿಯ ಮಗನಂಥವರು ಇರುತ್ತಾರೆ.

ನೋಡಬೇಕೇ, ಹಂಚಬೇಕೇ?

1971ರ ಡಿಸೆಂಬರ್ 18. ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾಗಿ ಎರಡು ದಿನವಾಗಿತ್ತು. ಒಂದು ಮೈದಾನದಲ್ಲಿ ಸಭೆ. ಶತ್ರುಗಳಿಗೆ ನೆರವಾದವರು ಎಂದು ಹಿಡಿದು ತಂದವರನ್ನು ಗುಂಪಿನ ಮುಂದೆ ಹಿಂಸಿಸಿ ಬಯನೆಟ್‌ನಿಂದ ಇರಿಯಲಾಯಿತು. ಅಲ್ಲಿ ಹಲವು ದೇಶದ ಫೋಟೊಗ್ರಾಫರುಗಳಿದ್ದರು. ಕ್ಯಾಮೆರಾ ಇರುವುದರಿಂದಲೇ ಇದು ನಡೆಯುತ್ತಿದೆ ಎಂದು ಕೆಲವರಿಗೆ ಅನಿಸಿ ಎದ್ದು ಹೋದರು. ಹೋರ್ಸ್ಟ್ ಫಾಸ್ ಮತ್ತು ಮಿಶೆಲ್ ಲೊರಾಂ ಉಳಿದು ತೆಗೆದರು. ಮರುವರ್ಷ ಆ ಚಿತ್ರಗಳಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಉಳಿದವರಿಂದ ಜಗತ್ತಿಗೆ ಗೊತ್ತಾಯಿತು ಎಂಬುದು ಸತ್ಯ. ಆದರೂ ನಾನಾಗಿದ್ದರೆ ಎದ್ದು ಹೋಗುತ್ತಿದ್ದೆ. ನನ್ನ ಕ್ಯಾಮೆರಾ ನೋಡಿ ಒಬ್ಬ ಕೈ ಎತ್ತುತ್ತಾನೆ ಎಂದರೆ ನಾನು ಅಲ್ಲಿ ಬರೀ ನೋಡುವವನಲ್ಲ.

ಹಂಚುವವರಿಗೂ ಇದೇ ಅನ್ವಯ. ಕೊಲ್ಲುವವರು ತಾವೇ ತೆಗೆದು ಹರಿಬಿಟ್ಟ ವಿಡಿಯೊ ಬಂದರೆ ಅಳಿಸಿಬಿಡಿ. ಅದನ್ನು ಮುಂದಕ್ಕೆ ಕಳಿಸಿದರೆ ಅವರ ಕೆಲಸವನ್ನು ನೀವು ಮಾಡಿಕೊಟ್ಟ ಹಾಗೆ. ಪತ್ರಕರ್ತರು ಜೀವ ಒತ್ತೆ ಇಟ್ಟು ತೆಗೆದ ಚಿತ್ರ ಬಂದರೆ ನೋಡಿ, ಪೂರ್ತಿ ನೋಡಿ. ನಮ್ಮ ದೇಶದ ಫೋಟೊಗ್ರಾಫರ್ ದಾನಿಶ್ ಸಿದ್ದೀಕಿ 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ ಸತ್ತದ್ದು ಇದೇ ಕೆಲಸದಲ್ಲಿ. ಸತ್ತವರ ಮುಖ ಕಾಣುವ ಫೋಟೊವನ್ನು ಮಾತ್ರ ಮನೆಯ ಗುಂಪುಗಳಿಗೆ ಹಾಕಬೇಡಿ. ಅವರ ಮನೆಗೆ ಸುದ್ದಿ ಮುಟ್ಟುವ ಮೊದಲು ಫೋಟೊ ಮುಟ್ಟಬಹುದು.

ನಿಮ್ಮ ಫೋಟೊಕ್ಕೆ ನೀವೇ ಬರೆಯಿರಿ

ಕೊನೆಯದಾಗಿ, ನೀವು ತೆಗೆದ ಚಿತ್ರವೂ ನಾಳೆ ಯಾರದೋ ಕೈಗೆ ಹೋಗುತ್ತದೆ. ನೆರೆ ಬಂದಾಗ, ಗುಡ್ಡ ಕುಸಿದಾಗ ಎಲ್ಲರೂ ತೆಗೆಯುತ್ತೇವೆ. ಕಳಿಸುವಾಗ ನಾಲ್ಕು ಮಾತು ಸೇರಿಸಿ: ದಿನ ಮತ್ತು ಗಂಟೆ, ಊರು, ನಾನು ನಿಂತ ಜಾಗ, ನಾನು ಕಣ್ಣಾರೆ ಕಂಡದ್ದು. ಕೇಳಿದ್ದನ್ನು ಕೇಳಿದ್ದು ಎಂದೇ ಬರೆಯಿರಿ. ಪ್ರಿಂಟ್ ಆದರೆ ಹಿಂಬದಿಗೆ ಪೆನ್ಸಿಲಿನಲ್ಲಿ, ಅಂಚಿಗೆ, ಒತ್ತದೆ ಬರೆಯಿರಿ. ಪೆನ್ನಿನ ಶಾಯಿ ನಮ್ಮ ಮಳೆಗಾಲದ ತೇವಕ್ಕೆ ಹಬ್ಬಿ ಮುಂಬದಿಗೆ ಬರುತ್ತದೆ.

ಇದನ್ನು ಕಲಿಸಿದ್ದು ಅಪ್ಪ. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ನಮ್ಮ ತೀರದೆದುರಿನ ಅಂಜದೀಪ ದ್ವೀಪ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. 18ರ ಬೆಳಗ್ಗೆ ನಮ್ಮ ನಾವಿಕರು ಅಲ್ಲಿ ಇಳಿದರು. ಐಎನ್‌ಎಸ್ ತ್ರಿಶೂಲ್ ಅವರ ಬೆನ್ನಿಗಿತ್ತು. ಏಳು ಮಂದಿ ಅಲ್ಲಿ ಪ್ರಾಣ ಬಿಟ್ಟರು. ಅಪ್ಪ ಸದ್ದು ಕೇಳಿ ಸೈಕಲ್ ಹತ್ತಿ ಬಿಣಗಾದ ಕಡೆ ಓಡಿದರಂತೆ. ಅವರ 120 ಫಿಲ್ಮಿನ ಕ್ಯಾಮೆರಾದಲ್ಲಿ ತೆಗೆದ ಒಂದೇ ಒಂದು ಚಿತ್ರ ನನ್ನ ಹತ್ತಿರ ಇದೆ. ಬೂದು ಸಮುದ್ರ, ದ್ವೀಪದ ಉದ್ದ ಗೆರೆ, ಮೇಲೆ ಬರೀ ಆಕಾಶ. ಹುಡುಗನಾಗಿದ್ದಾಗ ಇದರಲ್ಲಿ ಯುದ್ಧ ಎಲ್ಲಿದೆ ಎಂದು ಕೇಳಿದ್ದೆ. ಅಪ್ಪ ಫೋಟೊ ತಿರುಗಿಸಿ ಹಿಂಬದಿ ತೋರಿಸಿದರು. ಪೆನ್ಸಿಲಿನ ಆ ಸಾಲುಗಳು ಈಗಲೂ ಓದಲು ಬರುತ್ತವೆ:

‘18 ಡಿಸೆಂಬರ್ 1961, ಬೆಳಗ್ಗೆ. ಬಿಣಗಾ ದಂಡೆಯ ಬಂಡೆಯ ಮೇಲೆ ನಿಂತಿದ್ದೇನೆ. ತೋಪಿನ ಸದ್ದು ಕೇಳುತ್ತಿದೆ. ಇಲ್ಲಿಂದ ಏನೂ ಕಾಣುತ್ತಿಲ್ಲ.’